ಕೂಗು ಪರೀಕ್ಷೆ

ನಮ್ಮ ಆಫೀಸಿನಲ್ಲಿ ಕರೆಂಟು ತಿನ್ನುವುದು ಲೈಟು, ಫ್ಯಾನು, ಲಿಫ್ಟು, ಇಷ್ಟೇ ಎಂದು ಎಲ್ಲರ ನಂಬಿಕೆ. ಸಾಫ್ಟ್‌ವೇರ್ ಮಾತ್ರ ಗಾಳಿ ಕುಡಿದು ಬದುಕುತ್ತದೆ. ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ನಗೆಪಾಟಲಾಗುತ್ತದೆ ಎನ್ನುವಷ್ಟು ಬುದ್ಧಿ ಎಲ್ಲರಿಗೂ ಇದೆ. ನಡೆದುಕೊಳ್ಳುವುದು ಮಾತ್ರ ಹಾಗೆಯೇ. ನಮ್ಮ ದೊಡ್ಡ ಸಾಹೇಬರಿಗೆ ಪರಿಸರದ ಮೇಲೆ ಪ್ರೀತಿ ಉಕ್ಕಿದಾಗ ಮೊದಲು ಬಂದದ್ದು ಸ್ಟಿಕ್ಕರು. ಪ್ರತಿ ಸ್ವಿಚ್ಚಿನ ಪಕ್ಕ ಒಂದು ಹಸಿರು ಎಲೆ, ಕೆಳಗೆ ‘ದಯವಿಟ್ಟು ಆರಿಸಿ’. ಆಮೇಲೆ ಪ್ರತಿ ಮೇಜಿಗೊಂದು ಗಿಡದ ಕುಂಡ. ಆಮೇಲೆ ನಮ್ಮ ವೆಬ್‌ಸೈಟಿನ ಮೊದಲ ಪುಟದಲ್ಲಿ ಮೇಲಿಂದ ತೇಲಿಕೊಂಡು ಬೀಳುವ ಎಲೆಗಳು. ಆ ಎಲೆಗಳು ಬೀಳತೊಡಗಿದ ಮೇಲೆ ಹಳೇ ಫೋನು ಇಟ್ಟುಕೊಂಡವರಿಗೆ ಪುಟ ತೆರೆಯುವುದೇ ನಿಂತುಹೋಯಿತು, ಆ ಮಾತು ಬೇರೆ.

ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅಂತಾರಲ್ಲ, ಅದು. ನಮ್ಮ ಆನೆ ಇದ್ದದ್ದು ಮೊದಲನೇ ಮಹಡಿಯ ಕೊನೆಯ ಕೋಣೆಯಲ್ಲಿ.

ನಮ್ಮದು ಪಾರ್ಸೆಲ್ ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕೆಲಸ. ನಿಮ್ಮ ಪಾರ್ಸೆಲ್ ಯಾವ ಲಾರಿಯಲ್ಲಿದೆ, ಯಾವ ಗೋದಾಮಿನಲ್ಲಿ ಕೂತಿದೆ ಎಂದು ಫೋನಿನಲ್ಲಿ ನೋಡುತ್ತೀರಲ್ಲ, ಅದರ ಹಿಂದಿರುವವರು ನಾವು. ಅದನ್ನು ಹೇಗೆ ಕಟ್ಟಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸ. ಕೊನೆಯ ಕೋಣೆಯಲ್ಲಿ ಕಪ್ಪು ಬೀರುಗಳ ಸಾಲು, ಬೀರುಗಳ ತುಂಬ ಗುಂಯ್‌ಗುಡುವ ಸರ್ವರುಗಳು. ಅವುಗಳಿಗೆ ಸೆಕೆಯಾಗಬಾರದೆಂದು ನಾಲ್ಕೂ ಮೂಲೆಗೆ ಎಸಿ. ಆ ಎಸಿಗಳ ಬಿಸಿಯುಸಿರು ಹಿಂಬದಿಯ ಗೋಡೆ ದಾಟಿ ಹಿತ್ತಲಿಗೆ. ಆ ಹಿತ್ತಲು ನನ್ನ ಅಕ್ಕನದು.

ಅಕ್ಕನದು ಅಂದರೆ ಬಾಡಿಗೆಯದು. ಕಟ್ಟಡವೆಲ್ಲ ಕಂಪನಿಯದೇ. ನೆಲಮಹಡಿಯ ಹಿಂಭಾಗದ ಎರಡು ಕೋಣೆಗಳಲ್ಲಿ ಅಕ್ಕ, ಕೆಲಸಕ್ಕೆ ಹೋಗುವವರ ಮಕ್ಕಳನ್ನು ಸಂಜೆಯ ತನಕ ನೋಡಿಕೊಳ್ಳುತ್ತಾಳೆ. ಹಿತ್ತಲಲ್ಲಿ ಮರಳಿನ ಗುಂಡಿ, ಬಣ್ಣ ಹೋದ ಒಂದು ಜಾರುಬಂಡೆ, ಮರದ ಕೊಂಬೆಗೆ ಕಟ್ಟಿದ ಲಾರಿ ಟೈರಿನ ಉಯ್ಯಾಲೆ. ಗಂಡ ತೀರಿಕೊಂಡ ಮೇಲೆ ಅಕ್ಕ ಎದ್ದು ನಿಂತದ್ದೇ ಈ ಹಿತ್ತಲಿನಿಂದ.

ಒಂದು ಬೆಳಿಗ್ಗೆ ಅವಳ ಬಾಗಿಲಿಗೆ ನೋಟೀಸು ಬಂತು. ಮೇಲಿನ ಯಂತ್ರಗಳಿಗೆ ಮಂಜೂರಾದ ಕರೆಂಟು ಸಾಲುತ್ತಿಲ್ಲ, ಹೆಚ್ಚಿಗೆ ಬೇಕೆಂದು ಹಾಕಿದ ಅರ್ಜಿ ವಿದ್ಯುತ್ ಕಚೇರಿಯಲ್ಲಿ ಮಲಗಿದ್ದು ಇನ್ನೂ ಎದ್ದಿಲ್ಲ, ಆದ್ದರಿಂದ ಹಿತ್ತಲಲ್ಲಿ ದೊಡ್ಡ ಜನರೇಟರ್ ಕೂರಿಸಲಾಗುವುದು, ತಿಂಗಳ ಕೊನೆಗೆ ಜಾಗ ಖಾಲಿ ಮಾಡಿ. ಹಿತ್ತಲು ಹೋದರೆ ಅಕ್ಕನ ಪರವಾನಗಿಯೂ ಹೋಗುತ್ತದೆ. ಆಡಲು ಬಯಲಿಲ್ಲದ ಕಡೆ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ ಎಂದು ನಿಯಮವೇ ಇದೆ.

ಅಕ್ಕ ಅಳಲಿಲ್ಲ, ನನ್ನ ಮೇಲೆ ರೇಗಲೂ ಇಲ್ಲ. ರೇಗಿದ್ದರೆ ಚೆನ್ನಾಗಿತ್ತು. ಮಗುವೊಂದರ ಮೂಗು ಒರೆಸುತ್ತಾ ಕೇಳಿದಳು: “ಅಲ್ಲ ಕಣೇ, ಅಷ್ಟೊಂದು ಕರೆಂಟು ತಗೊಂಡು ಆ ಯಂತ್ರಗಳು ಮಾಡೋದಾದ್ರೂ ಏನು?”

“ಪಾರ್ಸೆಲ್ ಎಲ್ಲಿದೆ ಅಂತ ನೋಡ್ತಾವೆ,” ಅಂದೆ.

“ಎಲ್ಲವೂ?”

ಎಲ್ಲವೂ ಏನು ಮಾಡುತ್ತವೆ ಎಂದು ನನಗೂ ಗೊತ್ತಿರಲಿಲ್ಲ. ಸಾಫ್ಟ್‌ವೇರ್ ಕಟ್ಟುವವಳು ನಾನು, ಯಾವುದನ್ನು ಎಲ್ಲಿ ಓಡಿಸಬೇಕು ಎನ್ನುವುದು ಇನ್ನೊಬ್ಬರ ಪಾರುಪತ್ಯ. ಇಬ್ಬರ ಕೆಲಸದ ನಡುವೆ ಈ ಗೋಡೆ ಯಾವ ಪುಣ್ಯಾತ್ಮ ಎಬ್ಬಿಸಿದನೋ. ನಾನು ನೆಟ್ಟಗೆ ಸಾಹೇಬರ ಕೋಣೆಗೆ ಹೋದೆ. ಅವರು ಕೆಟ್ಟವರಲ್ಲ. ಕೆಟ್ಟವರಾಗಲು ಬೇಕಾಗುವಷ್ಟು ಗಮನವೂ ಅವರಿಗೆ ಯಾವುದರ ಮೇಲೂ ಇರುವುದಿಲ್ಲ.

“ಕರೆಂಟಿನ ಲೋಡ್ ಇಳಿಸಿ ತೋರಿಸ್ತೀನಿ ಸಾರ್. ಇಳಿದರೆ ಜನರೇಟರ್ ಬೇಡ ತಾನೆ?”

“ಇಳಿದರೆ ಯಾಕಮ್ಮಾ ಬೇಕು?” ಎಂದರು ಅವರು. “ಅದೂ ಹಸಿರೇ ಅಲ್ವಾ? ಮಾಡು, ಮಾಡು.”

ಕೋಣೆಯ ಪಾರುಪತ್ಯ ಇದ್ದದ್ದು ‘ಇರಲಿಬಿಡಿ’ ಅವರ ಕೈಯಲ್ಲಿ. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ಆಫೀಸು ಇಟ್ಟದ್ದು ಇದು. ಸೌಮ್ಯ ಮನುಷ್ಯ, ಸದಾ ತೋಳಿಲ್ಲದ ಸ್ವೆಟರು, ಎಸಿ ಕೋಣೆಯ ಋಣ. ನಾನು ಮೊದಲನೇ ಬೀರಿನ ಮುಂದೆ ನಿಂತು, “ಸಾರ್, ಇದೇನು ಮಾಡುತ್ತೆ?” ಎಂದೆ.

“ಅದಾ? ಅದು ಮುಂಚಿನಿಂದ ಇದೆ.”

“ಏನು ಮಾಡುತ್ತೆ?”

“ಯಾರಿಗೋ ಏನೋ ಬೇಕಾಗಿತ್ತು ಆವಾಗ. ಇರಲಿ ಬಿಡಿ.”

ಎರಡನೆಯದು ಬೇಡವಾದ ಹಳೇ ಲೆಕ್ಕದ ಪ್ರತಿ. ಇರಲಿ ಬಿಡಿ. ಮೂರನೆಯದು ಎರಡನೆಯದರ ಪ್ರತಿ. ಅದೂ ಇರಲಿ ಬಿಡಿ. ಇನ್ನೊಂದು, ನಮ್ಮನ್ನು ಬಿಟ್ಟು ಎಷ್ಟೋ ಕಾಲವಾದ ಗಿರಾಕಿಯದು. “ಅವರು ವಾಪಸ್ ಬಂದರೆ?” ಎಂದು ಇರಲಿಬಿಡಿ ನನ್ನನ್ನೇ ಕೇಳಿದರು, ಮನೆ ಬಿಟ್ಟು ಹೋದ ಅಳಿಯನಿಗೆ ದಿನಾ ತಟ್ಟೆ ಹಾಕಿಡುವ ಅತ್ತೆಯ ಹಾಗೆ.

ಮೀಟಿಂಗ್ ಕರೆದೆ. ಯಾವ ಯಂತ್ರ ಯಾರಿಗೆ ಬೇಕು ಹೇಳಿ, ಬೇಡದ್ದನ್ನು ಆರಿಸೋಣ ಎಂದೆ. ಆರಿಸೋಣ ಎಂಬ ಪದ ಕಿವಿಗೆ ಬಿದ್ದದ್ದೇ ಎಲ್ಲರಿಗೂ ಎಲ್ಲವೂ ಬೇಕಾಯಿತು. ಅಲ್ಲಿಯವರೆಗೆ ಆ ಕೋಣೆ ಯಾವ ದಿಕ್ಕಿಗಿದೆ ಎಂದೇ ಗೊತ್ತಿಲ್ಲದ ಜಾಹೀರಾತು ವಿಭಾಗದವರು ಕೂಡ “ನಮ್ಮದೇನಾದರೂ ಇದ್ದರೂ ಇರಬಹುದು, ಮುಟ್ಟಬೇಡಿ” ಎಂದರು. ಯಾವುದು ನಿಮ್ಮದು ಎಂದರೆ ಗೊತ್ತಿಲ್ಲ. ಬೇಕೇ ಎಂದರೆ ಬೇಕು. ನನಗೆ ತಲೆ ಚಿಟ್ಟು ಹಿಡಿಯಿತು. ಮೀಟಿಂಗ್ ಮುಗಿಯುವ ಹೊತ್ತಿಗೆ ಆದ ಒಂದೇ ತೀರ್ಮಾನ, ಇನ್ನೊಂದು ಮೀಟಿಂಗ್ ಮಾಡುವುದು. ಹೊರಗೆ ಹೋಗುವಾಗ ಎಲ್ಲರೂ ತಪ್ಪದೆ ಲೈಟು ಆರಿಸಿ ಹೋದರು, ನಾನಿನ್ನೂ ಒಳಗೇ ಕೂತಿದ್ದೆ.

ಸಿಟ್ಟಿಗೆ ಅಕ್ಕನ ಹಿತ್ತಲಿಗೆ ಹೋಗಿ ಟೈರಿನ ಮೇಲೆ ಕೂತೆ. ಸಂಜೆ ಹತ್ತಿರವಾಗಿತ್ತು, ಮಕ್ಕಳಿಗೆ ತಾಯಂದಿರ ನೆನಪು ಶುರುವಾಗುವ ಹೊತ್ತು. ಹೊಸದಾಗಿ ಸೇರಿದ ಪುಟ್ಟಿಯೊಬ್ಬಳು ಬಂದು ಅಕ್ಕನ ಸೆರಗು ಜಗ್ಗಿದಳು. “ಅಮ್ಮ ಬಂದ್ಲಾ?”

“ಇನ್ನೂ ಇಲ್ಲ ಕಂದ.”

ಹೋದಳು, ತಿರುಗಿ ಬಂದಳು. “ಈಗ ಬಂದ್ಲಾ?” ಮತ್ತೆ ಹೋಗಿ ಮತ್ತೆ ಬಂದಳು. ಅವಳನ್ನು ನೋಡಿ ಇನ್ನೂ ಇಬ್ಬರು ಶುರು ಮಾಡಿದರು. ಆಟ ನಿಂತಿತು, ಎಲ್ಲರ ಕಣ್ಣೂ ಬಾಗಿಲ ಮೇಲೆ. ಅಕ್ಕ ಪುಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಹೇಳಿದಳು: “ನೋಡು, ನೀನು ಕೇಳೋದೇ ಬೇಡ. ಅಮ್ಮ ಬಂದ ತಕ್ಷಣ ನಾನೇ ಜೋರಾಗಿ ಕೂಗ್ತೀನಿ. ನಾನು ಕೂಗೋ ತನಕ ನೀನು ಆಡ್ಕೋ. ಸರಿನಾ?”

ಪುಟ್ಟಿ ಸ್ವಲ್ಪ ಯೋಚಿಸಿ ಮರಳಿನ ಗುಂಡಿಗೆ ಹೋದಳು.

ನಾನು ಟೈರಿನ ಮೇಲೇ ಹಣೆ ಚಚ್ಚಿಕೊಂಡೆ. ನಮ್ಮ ಸಾಫ್ಟ್‌ವೇರ್ ಮಾಡುತ್ತಿದ್ದುದು ಇದನ್ನೇ. ಪ್ರತಿಯೊಂದು ಪಾರ್ಸೆಲ್ಲನ್ನೂ ಕ್ಷಣಕ್ಷಣಕ್ಕೂ ‘ಎಲ್ಲಿದ್ದೀಯಾ, ಎಲ್ಲಿದ್ದೀಯಾ’ ಎಂದು ಕೇಳುವುದು. ಲಾರಿ ನಿಂತಿರಲಿ, ಡ್ರೈವರು ಮಲಗಿರಲಿ, ಪಾರ್ಸೆಲ್ಲು ಗೋದಾಮಿನ ಮೂಲೆಯಲ್ಲಿ ಧೂಳು ತಿನ್ನುತ್ತಿರಲಿ, ಕೇಳುವುದೇ. ಇಲ್ಲೇ ಇದ್ದೀನಿ ಎನ್ನುವ ಉತ್ತರವನ್ನು ಪ್ರತಿ ಸಲವೂ ಬರೆದಿಡುವುದು, ಬರೆದದ್ದಕ್ಕೆ ಒಂದು ಪ್ರತಿ ಮಾಡುವುದು. ಬೀರುಗಳ ಅರ್ಧ ಗುಂಯ್‌ಗುಟ್ಟುವಿಕೆ ಈ ಹರಟೆಯದೇ. ಪಾರ್ಸೆಲ್ಲು ಕದಲಿದರೆ ಅದೇ ಕೂಗಲಿ. ಕದಲದಿದ್ದರೆ ನಾವೆಲ್ಲ ಸುಮ್ಮನಿರೋಣ. ಇಷ್ಟು ಸರಳ ಮಾತು ನನಗಾಗಲೀ ನನ್ನ ತಂಡಕ್ಕಾಗಲೀ ಯಾಕೆ ಹೊಳೆದಿರಲಿಲ್ಲ ಎಂದರೆ, ಹೊಳೆಯುವ ಅಗತ್ಯ ಬಿದ್ದಿರಲಿಲ್ಲ. ನಿಧಾನವಾದರೆ ಇನ್ನೊಂದು ಬೀರು ತರಿಸುತ್ತಿದ್ದರು.

ಮಾರನೇ ದಿನವೇ ಕೆಲಸ ಹಿಡಿದೆವು. ಲಾರಿ ಎಲ್ಲಿದೆ ಎಂದು ತಿಳಿಸಲು ಅದರಲ್ಲಿ ಕೂರಿಸಿರುವ ಪುಟ್ಟ ಪೆಟ್ಟಿಗೆಗೆ ಕದಲಿದಾಗ ಹೇಳುವುದನ್ನು ಕಲಿಸಿದೆವು, ಇಲ್ಲಿಂದ ಕೇಳುವುದನ್ನು ಬಿಡಿಸಿದೆವು. ವೆಬ್‌ಸೈಟಿನಲ್ಲಿ ಬೀಳುವ ಎಲೆಗಳನ್ನೂ ನಾನೇ ಕಿತ್ತುಹಾಕಿದೆ, ಯಾರಿಗೂ ಗೊತ್ತೇ ಆಗಲಿಲ್ಲ. ವಾರ ಕಳೆಯುವುದರೊಳಗೆ ಮೀಟರಿನ ಮುಳ್ಳು ಇಳಿಯಿತು. ಇಳಿಯಿತು, ಆದರೆ ಸಾಲುವಷ್ಟು ಇಳಿಯಲಿಲ್ಲ. ಉಳಿದದ್ದು ಇರಲಿಬಿಡಿ ಅವರ ಸಂಸಾರ.

ನಮ್ಮ ಕಸುಬಿನಲ್ಲಿ ಒಂದು ಹಳೇ ರೂಢಿಯಿದೆ. ಯಂತ್ರ ಯಾರದೆಂದು ಹೇಗೂ ಗೊತ್ತಾಗದಿದ್ದರೆ ಸುಮ್ಮನೆ ಆರಿಸಿ ಕಾಯುವುದು. ಬೇಕಾದವರು ಕೂಗಿಕೊಳ್ಳುತ್ತಾರೆ. ಕೂಗಿದವರಿಗೆ ಕ್ಷಮೆ ಕೇಳಿ ಮತ್ತೆ ಹಚ್ಚುವುದು. ಇದಕ್ಕೆ ಕೂಗು ಪರೀಕ್ಷೆ ಎಂದೇ ಹೆಸರು. ಮರ್ಯಾದಸ್ಥರು ಮಾಡುವ ಕೆಲಸವಲ್ಲ, ಆದರೆ ಮರ್ಯಾದೆಯ ದಾರಿಯಲ್ಲಿ ಹೋಗಿ ನನಗೆ ಸಿಕ್ಕಿದ್ದು ಇನ್ನೊಂದು ಮೀಟಿಂಗು.

ಪದ್ಧತಿಗೆ ಎಲ್ಲರಿಗೂ ಒಂದು ಮೇಲ್ ಕಳಿಸಿದೆ: ಇಂತಿಂಥ ಯಂತ್ರಗಳನ್ನು ಆರಿಸುತ್ತಿದ್ದೇನೆ, ಆಕ್ಷೇಪಣೆ ಇದ್ದರೆ ತಿಳಿಸಿ. ಸಾಹೇಬರು ಮಾತ್ರ ಉತ್ತರ ಬರೆದರು, ಹೆಬ್ಬೆಟ್ಟಿನ ಚಿತ್ರ. ಇರಲಿಬಿಡಿ ಅವರನ್ನು ಕರೆದುಕೊಂಡು ಕೋಣೆಗೆ ಹೋಗಿ, ಯಾವುದಕ್ಕೆ ಯಜಮಾನರಿಲ್ಲವೋ ಅದನ್ನೆಲ್ಲ ಒಂದೊಂದಾಗಿ ಆರಿಸಿದೆ. ಪ್ರತಿ ಸಲವೂ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಆಮೇಲೆ ಕಾದೆವು. ಇರಲಿಬಿಡಿ ಅವರು ಫೋನನ್ನು ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಾ ಕೂತರು. ಫೋನು ಒಮ್ಮೆ ಬಡಿದುಕೊಂಡಿತು, ಮನುಷ್ಯ ಹಾರಿಬಿದ್ದರು. ಮನೆಯಿಂದ, ಬರುವಾಗ ಹಾಲು ತನ್ನಿ ಎಂದು.

ಒಂದು ದಿನ ಆಯಿತು, ಎರಡು ದಿನ ಆಯಿತು. ಯಾರೂ ಕೂಗಲಿಲ್ಲ. ವಾರವಾದರೂ ಕೂಗಲಿಲ್ಲ. ಮುಟ್ಟಬೇಡಿ ಎಂದಿದ್ದ ಜಾಹೀರಾತಿನವರು ಕ್ಯಾಂಟೀನಿನಲ್ಲಿ ನನ್ನನ್ನು ನೋಡಿ, “ಏನು ಮೇಡಂ, ಆರಿಸ್ತೀರಾ ಹೇಗೆ?” ಎಂದು ತಮಾಷೆ ಮಾಡಿದರು. ಆರಿಸಿ ಆಗಿತ್ತು. ಸಂತೋಷವಾಗಬೇಕಿತ್ತು ನನಗೆ, ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಇವು ಯಾರಿಗಾಗಿ ಉರಿದವು? ಕೆದಕಿ ನೋಡಿದೆ. ಒಂದು ಬೀರಿನ ಕೆಲಸ, ಪಕ್ಕದ ಬೀರು ಬದುಕಿದೆಯೇ ಎಂದು ನೋಡುವುದು. ಪಕ್ಕದ ಬೀರಿನ ಕೆಲಸ, ನೋಡುವ ಬೀರು ಬರೆದದ್ದನ್ನು ಜೋಪಾನ ಮಾಡುವುದು. ಹುಚ್ಚು ಬಿಡುವ ತನಕ ಮದುವೆಯಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ. ಇಬ್ಬರಿಗೂ ಬೇರೆ ಸಂಬಂಧವೇ ಇರಲಿಲ್ಲ. ಇಂಥ ದಾಂಪತ್ಯಕ್ಕಾಗಿ ನನ್ನ ಅಕ್ಕ ಹಿತ್ತಲು ಬಿಡಬೇಕಿತ್ತು.

ಎಸಿಗಳಲ್ಲಿ ಎರಡನ್ನು ನಿಲ್ಲಿಸಿದೆವು. ಮಂಜೂರಾದ ಕರೆಂಟಿನಲ್ಲಿ ಅರ್ಧವೂ ಬೇಕಾಗಲಿಲ್ಲ. ಇರಲಿಬಿಡಿ ಅವರು ಸ್ವೆಟರು ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದರು, ಮೊದಲ ಸಲ ಅವರ ಅಂಗಿಯ ಬಣ್ಣ ನೋಡಿದ್ದು. ನಾನು ಓಡಿಹೋಗಿ ಸಾಹೇಬರಿಗೆ ಹೇಳಿದೆ.

“ಭೇಷ್!” ಎಂದರು. “ಒಳ್ಳೇದಾಯ್ತು. ಜಾಗ ಬೇರೆ ಆಯ್ತಲ್ಲ. ಮಾತಾಡೋ ಪಾರ್ಸೆಲ್ ತರಿಸೋಣ.”

ಮಾತಾಡುವ ಪಾರ್ಸೆಲ್ ಎಂದರೆ ಅವರು ಎಲ್ಲೋ ಪ್ರದರ್ಶನದಲ್ಲಿ ನೋಡಿ ಮರುಳಾದದ್ದು. ಗಿರಾಕಿ ಫೋನು ಮಾಡಿದರೆ ಪಾರ್ಸೆಲ್ಲೇ ಹೆಣ್ಣುದನಿಯಲ್ಲಿ ‘ನಾನಿನ್ನೂ ದಾರಿಯಲ್ಲಿದ್ದೀನಿ, ಕಾಯ್ತೀರಲ್ಲ?’ ಎನ್ನುತ್ತದೆ. ಆ ಒಂದು ಮಾತು ಹೇಳಿಸಲು ಬೇಕಾಗುವ ಯಂತ್ರಗಳು ನಾವು ಆರಿಸಿದ್ದಕ್ಕಿಂತ ಹೆಚ್ಚು ತಿನ್ನುತ್ತವೆ.

“ಸಾರ್, ಅದಕ್ಕೆ ಕರೆಂಟು ಬಹಳ ಬೇಕು.”

“ಅದು ಸಾಫ್ಟ್‌ವೇರ್ ಅಲ್ವೇನಮ್ಮಾ? ಅದಕ್ಕೇನು ಕರೆಂಟು?”

“ಸಾಫ್ಟ್‌ವೇರೇ ಸಾರ್ ಕರೆಂಟು ತಿನ್ನೋದು. ಇಷ್ಟು ದಿನ ನಾನು ಇಳಿಸಿದ್ದು ಏನಂದ್ಕೊಂಡ್ರಿ?”

“ಲೈಟು,” ಎಂದರು ಸಾಹೇಬರು, ಸ್ವಲ್ಪ ಅನುಮಾನದಿಂದ. ಆಮೇಲೆ ನಕ್ಕು, “ಕಡಿಮೆ ಬಿದ್ದರೆ ಜನರೇಟರ್ ಇದ್ದೇ ಇದೆಯಲ್ಲ,” ಎಂದರು.

ಕೋಣನ ಮುಂದೆ ಕಿನ್ನರಿ ಬಾರಿಸಿ ಹೊರಗೆ ಬಂದೆ. ಮೆಟ್ಟಿಲ ಮೇಲೆ ನಿಂತಾಗ ಅಳು ಬಂತು, ದುಃಖಕ್ಕಲ್ಲ, ಸಾಕಾಗಿ. ನಾನು ಉಳಿಸಿದಷ್ಟೂ ಇನ್ನೊಬ್ಬರು ತಿನ್ನಲು ಬಾಯಿ ತೆರೆದು ಕೂತಿರುವುದಾದರೆ ಉಳಿಸುವುದಾದರೂ ಯಾಕೆ?

ಅಕ್ಕ ಮಕ್ಕಳ ಹಾಸಿಗೆ ಮಡಿಸುತ್ತಿದ್ದಳು. ಎಲ್ಲ ಹೇಳಿದೆ. ಅವಳು ಮಡಿಸುವುದನ್ನು ನಿಲ್ಲಿಸದೆ ಕೇಳಿದಳು: “ಅಮ್ಮನ ಮನೆಯ ಕಬ್ಬಿಣದ ಬೀರು ನೆನಪಿದೆಯಾ?”

ಮರೆಯುವುದು ಹೇಗೆ? ಪ್ರತಿ ವರ್ಷ ನಾವಿಬ್ಬರೂ ಕೂತು ಅದರ ಹಳೇ ಬಟ್ಟೆ, ಖಾಲಿ ಡಬ್ಬಿ, ಮುರಿದ ಕೊಡೆ ಎಲ್ಲ ತೆಗೆದು ಬಿಸಾಡುತ್ತಿದ್ದೆವು. ಮುಂದಿನ ವರ್ಷ ಮತ್ತೆ ಬಾಗಿಲು ಹಾಕಲಾಗದಷ್ಟು ತುಂಬಿರುತ್ತಿತ್ತು.

“ಕೊನೆಗೆ ಏನು ಮಾಡಿದ್ವಿ?”

“ಬೀರುನೇ ಕೊಟ್ಟುಬಿಟ್ವಿ.”

“ಮತ್ತೆ? ಜಾಗ ಇದ್ರೆ ತುಂಬುತ್ತೆ ಕಣೇ. ಅಮ್ಮಂದೂ ತಪ್ಪಲ್ಲ, ನಿಮ್ಮ ಸಾಹೇಬ್ರದೂ ತಪ್ಪಲ್ಲ. ಖಾಲಿ ಬೀರು ನೋಡಿಕೊಂಡು ಸುಮ್ಮನಿರೋಕೆ ಯಾರ ಕೈಲಾಗುತ್ತೆ?”

ಆ ಸಂಜೆ ಅವಳ ಹಿತ್ತಲಲ್ಲೇ ಕೂತು ಯೋಚಿಸಿದೆ. ನಮ್ಮ ಬೀರು ಯಾವುದು? ಕೋಣೆಯಲ್ಲ, ಕೋಣೆ ಖಾಲಿಯಿದ್ದರೂ ಏನೂ ಓಡುವುದಿಲ್ಲ. ವಿದ್ಯುತ್ ಕಚೇರಿ ನಮಗೆ ಮಂಜೂರು ಮಾಡಿದ್ದ ಲೋಡು, ಅದು ನಮ್ಮ ಬೀರು. ಬೇಡವಾದಷ್ಟನ್ನು ವಾಪಸ್ ಕೊಡಬಹುದು. ಕೊಡುವುದು ಸಲೀಸು, ಮತ್ತೆ ಪಡೆಯುವುದು ಮಾತ್ರ ಬಡಪೆಟ್ಟಿಗೆ ಆಗುವ ಕೆಲಸವಲ್ಲ. ಆ ಅರ್ಜಿ ಹೇಗೆ ಮಲಗುತ್ತದೆ ಎಂದು ನಾವು ಆಗಲೇ ನೋಡಿದ್ದೆವು.

ಸಾಹೇಬರಿಗೆ ಏನನ್ನೂ ಮುಚ್ಚಿಡಲಿಲ್ಲ. ಎಲ್ಲರೂ ಇದ್ದ ಮೀಟಿಂಗಿನಲ್ಲೇ ಹೇಳಿದೆ: “ಸಾರ್, ಉಳಿದ ಕರೆಂಟನ್ನು ವಾಪಸ್ ಕೊಡೋಣ. ಕಚೇರಿಯವರು ಬಂದು ಮೀಟರಿಗೆ ಅಷ್ಟಕ್ಕೇ ಮಿತಿ ಇಟ್ಟು ಸೀಲು ಒತ್ತಿ ಹೋಗ್ತಾರೆ. ಆಮೇಲೆ ಬೇಕೂ ಅಂದ್ರೂ ಬೇಗ ಸಿಗಲ್ಲ. ಜನರೇಟರೂ ಬೇಡ ಅಂತ ಬರೆದುಕೊಡಬೇಕು. ಹೊಸ ಯಂತ್ರ ಏನೂ ಓಡಲ್ಲ.”

ಸಾಹೇಬರು ಎಲ್ಲವನ್ನೂ ಕೇಳಿಸಿಕೊಂಡರು. “ವಾಪಸ್ ಕೊಡೋದಾ?” ಎಂದರು. ಕಣ್ಣು ಹೊಳೆಯಿತು. “ಊರಿಗೆ ಕರೆಂಟು ವಾಪಸ್ ಕೊಟ್ಟ ಕಂಪನಿ! ಯಾರಾದ್ರೂ ಮಾಡಿದಾರಾ ಇದನ್ನ?”

“ಇಲ್ಲ ಸಾರ್. ಆದರೆ ಮಾತಾಡೋ ಪಾರ್ಸೆಲ್...”

“ಅದು ಸಾಫ್ಟ್‌ವೇರ್,” ಎಂದು ಕೈಯಾಡಿಸಿದರು. “ಫೋಟೋದವರನ್ನು ಕರೆಸಿ.”

ಇನ್ನು ನಾನೇನು ಡಂಗುರ ಹೊಡೆಸಬೇಕಿತ್ತೇ? ಇರಲಿಬಿಡಿ ಅವರ ಕಡೆ ನೋಡಿದೆ. ಅವರು ಬಾಯಿ ತೆರೆದರು, ಇನ್ನೇನು ಇರಲಿ ಎನ್ನುತ್ತಾರೆ ಎಂದುಕೊಂಡೆ. “ಕೊಟ್ಟುಬಿಡಿ,” ಎಂದರು ಅವರು, ಮೆಲ್ಲಗೆ.

ಸಮಾರಂಭ ಅಕ್ಕನ ಹಿತ್ತಲಲ್ಲೇ ಆಯಿತು, ಹಸಿರು ಇದ್ದದ್ದು ಅಲ್ಲೇ ತಾನೆ. ವಿದ್ಯುತ್ ಕಚೇರಿಯ ಅಧಿಕಾರಿ ಬಂದರು, ಮಕ್ಕಳ ತಂದೆತಾಯಿಗಳು ಬಂದರು. ಸಾಹೇಬರು ಜಾರುಬಂಡೆಗೆ ಒರಗಿ ನಿಂತು ಭಾಷಣ ಮಾಡಿದರು. ಮಾಡುತ್ತಾ ಮಾಡುತ್ತಾ ಅವರಿಗೇ ರಂಗೇರಿತು. “ಜನರೇಟರು ಬೇಡ! ಈ ಹಿತ್ತಲು ಮಕ್ಕಳದು!” ಎಂದು ಕೈಯೆತ್ತಿದರು. ಚಪ್ಪಾಳೆ ಇನ್ನೂ ಬೀಳುತ್ತಿದ್ದಾಗಲೇ ಅಕ್ಕ ಹಿತ್ತಲೂ ಸೇರಿದ ಹೊಸ ಬಾಡಿಗೆ ಕರಾರನ್ನೂ ಪೆನ್ನನ್ನೂ ಅವರ ಮುಂದೆ ಹಿಡಿದಳು. ಅಷ್ಟು ಜನರ ಎದುರು, ಅಷ್ಟು ಕ್ಯಾಮರಾಗಳ ಎದುರು, ಯಾರು ತಾನೆ ಬೇಡ ಎನ್ನುತ್ತಾರೆ? ನಗುತ್ತಲೇ ಸಹಿ ಹಾಕಿದರು. ಅಧಿಕಾರಿ ಮೇಲೆ ಹೋಗಿ ಸೀಲು ಒತ್ತಿ ಬಂದರು.

ಮಾತಾಡುವ ಪಾರ್ಸೆಲ್ ಬಂದದ್ದು ಮುಂದಿನ ವಾರ, ಲಾರಿಯಲ್ಲಿ. ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ನಮ್ಮ ಸಾಫ್ಟ್‌ವೇರೇ ತೋರಿಸಿತ್ತು. ಲಾರಿ ಕದಲಿದಾಗ ಮಾತ್ರ ಹೇಳುತ್ತಾ, ಉಳಿದ ಹೊತ್ತು ಬಾಯಿ ಮುಚ್ಚಿಕೊಂಡು. ಆಳೆತ್ತರದ ಪೆಟ್ಟಿಗೆಗಳನ್ನು ನಾಲ್ಕು ಜನ ಹೊತ್ತು ಮೆಟ್ಟಿಲು ಹತ್ತಿಸಿದರು. ಸಾಹೇಬರು ಅವರ ಹಿಂದೆಯೇ ಉತ್ಸಾಹದಿಂದ ಹತ್ತಿದರು.

ನಾನು ಹಿತ್ತಲಲ್ಲಿ ಟೈರು ತೂಗುತ್ತಿದ್ದೆ. ಎಸಿಗಳ ಬಿಸಿಗಾಳಿ ಅರ್ಧಕ್ಕಿಳಿದ ಮೇಲೆ ಅಲ್ಲಿ ಮೊದಲ ಸಲ ತಂಪಿತ್ತು. ಟೈರಿನಲ್ಲಿ ಪುಟ್ಟಿ ಕೂತಿದ್ದಳು. ಮೇಲೆ ಪೆಟ್ಟಿಗೆ ಎಳೆಯುವ ಸದ್ದು, ಯಾರೋ ಏನೋ ವಿವರಿಸುವ ಸದ್ದು, ಬಹುಶಃ ಇರಲಿಬಿಡಿ. ಆಮೇಲೆ ಕೂಗು.

“ಕರೆಂಟಿಲ್ಲಾ ಅಂದ್ರೇನ್ರೀ? ಯಾರನ್ನ ಕೇಳಿ ಕೊಟ್ಟಿದ್ದು? ಎಲ್ಲಿ ಆಕೆ? ಕರೀರಿ ಆಕೇನ!”

ಸಾಹೇಬರು ಕಿಟಕಿಯ ಗಾಜು ನಡುಗುವ ಹಾಗೆ ಕೂಗಿದರು. ಇಷ್ಟು ದಿನದ ಪರೀಕ್ಷೆಯಲ್ಲಿ ಕೂಗಿದವರು ಅವರೊಬ್ಬರೇ. ಭಯವಾಗಲಿಲ್ಲ ಎಂದರೆ ಸುಳ್ಳು. ಕೆಲಸ ಹೋದರೂ ಹೋಗಬಹುದಿತ್ತು. ಹಿತ್ತಲಿನ ಅಷ್ಟೂ ಮಕ್ಕಳು ಆಟ ನಿಲ್ಲಿಸಿ ತಲೆಯೆತ್ತಿದರು. ಪುಟ್ಟಿ ಟೈರಿನಿಂದ ಜಾರಿ ಇಳಿದು ಅಕ್ಕನ ಹತ್ತಿರ ಓಡಿದಳು, ಮುಖ ಅರಳಿತ್ತು.

“ಕೂಗಿದ್ರು! ಯಾರ ಅಮ್ಮ ಬಂದ್ಲು?”

ಅಕ್ಕ ಒಮ್ಮೆ ಮೇಲಿನ ಕಿಟಕಿಯ ಕಡೆ ನೋಡಿದಳು, ಒಮ್ಮೆ ನನ್ನ ಕಡೆ.

“ಯಾರ ಅಮ್ಮನೂ ಅಲ್ಲ ಕಂದ,” ಎಂದಳು. “ನೀನು ಆಡ್ಕೋ ಹೋಗು. ಹಿತ್ತಲು ಇಲ್ಲೇ ಇರುತ್ತೆ.”

ನಾನು ಕೈ ಒರೆಸಿಕೊಂಡು ಮೆಟ್ಟಿಲ ಕಡೆ ನಡೆದೆ.